ಚಮಚ ಬೇಡದ ಊಟ

ಮತ್ತೆ ಹರಿಯಿತು ಎಲೆ, ಲೆಟ್ಯೂಸ್ ಅಂತೆ ಲೆಟ್ಯೂಸ್, ಮುಟ್ಟಿದರೆ ಮುನಿಯುವ ಜಾತಿ — ವಿಡಿಯೊದಲ್ಲಿ ಆ ಪುಣ್ಯಾತ್ಗಿತ್ತಿ ನಗುನಗುತ್ತಾ ಬಿಡಿಸಿದಳು, ಬಟ್ಟಲಿನಂತೆ ಇಡೀ ಎಲೆ ಬಂತು, ಕೆಲಸದಿಂದ ಬಂದವರಿಗೆ ಹೇಳಿ ಮಾಡಿಸಿದ ಊಟವಂತೆ, ಅವಳಿಗೇನು, ಪಾತ್ರೆ ತೊಳೆಯಲು ಬೇರೆ ಯಾರೋ ಇರುತ್ತಾರೆ. ನಾನು ಬೆಳಗಿನಿಂದ ಕಾರು ಕಲಿಯುವವರ ಪಕ್ಕದಲ್ಲಿ ಕೂತು ಬ್ರೇಕು ಒತ್ತಿ ಒತ್ತಿ ಕಾಲು ಮರಗಟ್ಟಿಸಿಕೊಂಡು ಬಂದಿದ್ದೇನೆ, ಆ ಬ್ಯಾಂಕಿನ ಮೇಡಂ ಹಾಲಿನ ವ್ಯಾನಿಗೆ ಇನ್ನೇನು ಗುದ್ದಿಬಿಡುತ್ತಿದ್ದರು, ಗುದ್ದಲಿಲ್ಲವಲ್ಲ ಬಿಡಿ ಎಂದು ನನಗೇ ಸಮಾಧಾನ ಬೇರೆ, ಈಗ ಇಲ್ಲಿ ಮಾವ, ಅಡುಗೆಮನೆಯ ಮೇಜಿಗೆ ಮೊಣಕೈ ಊರಿ, ಕ್ಲಚ್ ಬೇಗ ಬಿಟ್ಟೆ ಕಣಮ್ಮ, ಅದಕ್ಕೇ ಹರೀತು. ಆಯುಷ್ಯವೆಲ್ಲ ಲಾರಿ ಓಡಿಸಿದವರಿಗೆ ಲೋಕದ ತಪ್ಪೆಲ್ಲ ಕ್ಲಚ್ಚಿನಲ್ಲೇ. ಬೆಳ್ಳುಳ್ಳಿ ಸೀಯುತ್ತಿದೆ, ಶುಂಠಿ ಹಾಕು, ಕೋಳಿ ಕೀಮಾ ಸುರಿ, ಉಂಡೆ ಕಟ್ಟದಂತೆ ಒಡೆ, ಸೋಯಾ ಸಾಸ್, ಅಯ್ಯೋ ಜಾಸ್ತಿಯಾಯಿತು, ನಿಂಬೆ ಹಿಂಡಿದರೆ ಸರಿಹೋಗುತ್ತದೆ, ಹೋಗದಿದ್ದರೆ ಹಾಳಾಗಿ ಹೋಗಲಿ — ನಿನ್ನೆಯ ಸೂಪಿಗಿಂತ ವಾಸಿ, ನಿನ್ನೆ ಚಮಚ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಮಾವನ ಕೈ ನಡುಗಿ ಖಾಲಿ, ಮತ್ತೆ ತುಂಬಿಕೊಂಡರು, ಮತ್ತೆ ಖಾಲಿ, ಅಂಗಿಯೆಲ್ಲ ಸೂಪು, ನನ್ನ ಗಂಡ ತಡೆಯಲಾರದೆ, ಬಿಡಪ್ಪಾ ನಾನೇ ತಿನ್ನಿಸ್ತೀನಿ, ಎಂದು ಚಮಚ ಕಸಿದುಕೊಂಡ, ಮಾವ ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಇವತ್ತು ಬೆಳಗ್ಗೆ ಹಸಿವಿಲ್ಲ, ಮಧ್ಯಾಹ್ನ ಹಸಿವಿಲ್ಲ, ಇವರ ಮಗರಾಯ, ನನ್ನ ಗಂಡ, ರಾತ್ರಿ ಪಾಳಿಗೆ ಹೊರಡುತ್ತಾ, ಏನಾದ್ರೂ ಲೈಟಾಗಿ ಮಾಡು, ನೀನು ಹೇಳಿದ್ರೆ ತಿಂತಾರೆ. ನಾನು ಹೇಳಿದರೆ! ಈ ಮನೆಯಲ್ಲಿ ನನ್ನ ಮಾತನ್ನು ಫ್ರಿಜ್ಜಿನ ಬಾಗಿಲೂ ಕೇಳುವುದಿಲ್ಲ. ಮೈಯೆಲ್ಲ ಉರಿಯುತ್ತದೆ, ಭಯವೂ ಆಗುತ್ತದೆ, ಹೀಗೇ ಊಟ ಬಿಟ್ಟರೆ ಈ ಮನುಷ್ಯ ಎಷ್ಟು ದಿನ ಉಳಿದಾರು, ನನಗೆ ಇವರು ಬೇಕು, ಸಂಜೆ ಬಾಗಿಲು ತೆರೆದ ಕೂಡಲೇ ಇವತ್ತು ಎಷ್ಟು ಜನ ಗುದ್ದಿದ್ರು ಎಂದು ಕೇಳುವವರು ಇವರೊಬ್ಬರೇ.

ತಗೊಳ್ಳಿ ಮಾವ, ಚಮಚ ಬೇಡ, ಎಲೇಲಿ ಸುತ್ಕೊಂಡು ಕೈಯಲ್ಲೇ ತಿನ್ನೋದು, ನಡುಗಿದ್ರೂ ಚೆಲ್ಲಲ್ಲ — ಛೆ, ನಡುಗಿದ್ರೂ ಎಂದುಬಿಟ್ಟೆ, ನನ್ನ ನಾಲಿಗೆಗೆ ಬ್ರೇಕೇ ಇಲ್ಲ. ಮಾವ ಎಲೆಯನ್ನು ನೋಡಿದರು, ನನ್ನನ್ನು ನೋಡಿದರು, ಇದು ದನಕ್ಕೆ ಹಾಕೋದಲ್ವಾ, ಹೂಂ ಮಾವ, ಅದಕ್ಕೇ ನನಗೂ ಒಂದು ಪಾಲು ಇಟ್ಕೊಂಡಿದ್ದೀನಿ. ನಕ್ಕರೋ? ಎಲೆ ಅಂಗೈಗೆ ಬಂತು, ಕೀಮಾ ಅರ್ಧ ಒಳಗೆ, ಅರ್ಧ ಮೇಜಿನ ಮೇಲೆ, ನಾನು ನೋಡುವುದಿಲ್ಲ, ಒಲೆ ಒರೆಸುತ್ತೇನೆ, ಒರೆಸಿದ್ದನ್ನೇ ಒರೆಸುತ್ತೇನೆ, ಅಂತೂ ಸುತ್ತಿದರು, ಸಾಸು ಮಣಿಕಟ್ಟಿನಿಂದ ಮೊಣಕೈಗೆ ಇಳಿಯುತ್ತಿದೆ, ಹೋಗಬೇಡ, ಸಹಾಯಕ್ಕೆ ಹೋಗಬೇಡ ಕಣೇ, ಕೈ ಮೇಲೆದ್ದಿತು, ಎದೆಯ ಮಟ್ಟ, ಅಲ್ಲೇ ನಿಂತಿತು, ತಿನ್ನಿ, ತಿನ್ನಿ ಮಹಾರಾಯರೇ — ಬಾಯಿಗೆ ಹೋಗುವ ಬದಲು ಕೈ ಮೇಜಿನಾಚೆ ನನ್ನ ಕಡೆ ತಿರುಗಿತು, ಮುಖ ನೋಡಿದ್ರೇ ಗೊತ್ತಾಗುತ್ತೆ, ನೀನೂ ಏನೂ ತಿಂದಿಲ್ಲ, ಮೊದಲು ನೀನು, ಆಮೇಲೆ ನಾನು. ನನಗೆ ಬೇಡ ಮಾವ. ಬಾಯಿ ತೆಗೀತೀಯೋ ಇಲ್ವೋ. ಹಠಮಾರಿ ಮುದುಕ, ತಲೆ ಚಿಟ್ಟು ಹಿಡಿಸುತ್ತಾರೆ, ಬಗ್ಗಿದೆ, ಬಾಯಿ ತೆರೆದೆ, ಎಲೆ ಗದ್ದಕ್ಕೆ ತಾಗಿತು, ಮೂಗಿಗೆ ತಾಗಿತು, ನಾನು ಕೈ ಎತ್ತುವುದಿಲ್ಲ, ಹಿಡಿಯುವುದಿಲ್ಲ, ಆ ಕೈ, ನಡುಗುತ್ತಾ, ಬರುತ್ತಿದೆ, ಆ ಕೈ —