ಚೀಲದಕ್ಕನ ಚಿಲಕ

ಕೂತು ಕೆಲಸ ಮಾಡುವಾಗಲೂ ಹೆಗಲಿನ ಚೀಲ ಇಳಿಸದವರೆಂದು ನಾನು ಕಂಡದ್ದು ಆಕೆಯೊಬ್ಬಳನ್ನೇ. ಹೊಟ್ಟೆಯ ತಪ್ಪನ್ನು ಕೋಟಿನ ಮೇಲೆ ಹೊರಿಸಿ, ಅದನ್ನು ಸಡಿಲಿಸಲು ನಾನು ಆಗಾಗ ಒಯ್ಯುತ್ತಿದ್ದ ಹೊಲಿಗೆ ಅಂಗಡಿಯಲ್ಲಿ, ಬಾಗಿಲಿಗೆ ಮುಖಮಾಡಿ, ಚಪ್ಪಲಿಯನ್ನೂ ಬಿಡದೆ, ಗುಂಡಿ ಹಚ್ಚುತ್ತ, ಯಾವ ಗಳಿಗೆಯಲ್ಲಾದರೂ ಎದ್ದು ಹೊರಡಬೇಕಾದವಳ ಸನ್ನದ್ಧತೆಯಲ್ಲಿ ಆಕೆ ಕೂತಿರುತ್ತಿದ್ದಳು. ಬೆರಳುಗಳಿಗೆ ಮಾತ್ರ ಅವಸರವೆಂಬುದೇ ಗೊತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಆಕೆ ಚೀಲದಕ್ಕ.

"ಚೀಲದೊಳಗೆ ಗಂಡನ್ನ ಬಚ್ಚಿಟ್ಕೊಂಡಿದ್ದೀಯೇನಕ್ಕಾ?" ಎಂದು ಮಿಷನ್ ತುಳಿಯುವ ಹುಡುಗಿಯರು ಕಾಲೆಳೆಯುತ್ತಿದ್ದರು.

"ಇದ್ರೊಳಗೆ ಹಿಡಿಸೋ ಹಾಗಿದ್ರೆ ಇಷ್ಟೊತ್ತಿಗೆ ಕೆರೆಗೆ ಎಸೆದು ಬರ್ತಿದ್ದೆ," ಎಂದು ದಾರ ಕಚ್ಚಿ ಕತ್ತರಿಸುತ್ತ ಆಕೆ ನಗುತ್ತಿದ್ದಳು.

ಸಂಜೆ ಎಲ್ಲರಂತೆ "ಮನೆಗೆ ಹೊರಟೆ" ಎನ್ನುವಳು. ಆ ಮನೆ ಬಸ್ ನಿಲ್ದಾಣದ ಹೆಂಗಸರ ಕೊಠಡಿ ಎಂದು ಗೊತ್ತಾದದ್ದು, ಅಂಗಡಿಯ ಒಡತಿ, ಎಲ್ಲರ ದೊಡ್ಡಮ್ಮ, ಬಸ್ಸಿಗೆಂದು ಹೋದಾಗ ಅಲ್ಲಿ ಚೀಲ ಅವಚಿ ಕೂತೇ ನಿದ್ದೆಹೋಗಿದ್ದ ಆಕೆಯನ್ನು ಕಂಡ ದಿನ. ಅಂದು ಬಾಯಿಬಿಟ್ಟಳು: "ಗಂಡನ ಹೊಡೆತ ಹೇಗೋ ತಡ್ಕೊಂಡೆ ದೊಡ್ಡಮ್ಮ. ಕೆಲಸಕ್ಕೆ ಹೋಗೋವಾಗ ಹೊರಗಿಂದ ಚಿಲಕ ಹಾಕ್ಕೊಂಡು ಹೋಗ್ತಿದ್ದ. ಒಂದಿನ ಮರೆತ. ಕೈಗೆ ಸಿಕ್ಕಿದ್ದನ್ನ ತುಂಬ್ಕೊಂಡು ಬಂದ್ಬಿಟ್ಟೆ."

ದೊಡ್ಡಮ್ಮ ಕೂಡಲೇ ಅಂಗಡಿಯ ಮೇಲಿನ ಬಟ್ಟೆಯ ಕೋಣೆಯನ್ನು ತೆರವು ಮಾಡಿಸಿ, ಚಾಪೆ ಹಾಸಿಕೊಟ್ಟರು. ಆದರೆ ಕೆಳಗಿಳಿಯುವಾಗ, ಬೆಕ್ಕು ನುಗ್ಗೀತೆಂದು ಅಲ್ಲಿ ಎಲ್ಲರೂ ಎಳೆಯುತ್ತಿದ್ದ ಹೊರಗಿನ ಚಿಲಕವನ್ನು ಕೈ ತಾನಾಗಿ ಎಳೆದುಬಿಟ್ಟಿತು. ಒಳಗಿನಿಂದ ಕೂಗೇನೂ ಬರಲಿಲ್ಲ; ಬಾಗಿಲನ್ನು ಮೆಲ್ಲಗೆ, ಎಡೆಬಿಡದೆ ತಟ್ಟುವ ಸದ್ದಷ್ಟೆ. ಓಡಿಹೋಗಿ ತೆಗೆದರೆ ಆಕೆ ಚೀಲ ಹೆಗಲಿಗೇರಿಸಿ ನಿಂತಿದ್ದಳು. ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ನಿಲ್ದಾಣದ ದಾರಿ ಹಿಡಿದಳು. ಕೆಳಗೆ ಕೋಟಿಗಾಗಿ ಕಾದು ಕೂತಿದ್ದ ನಾನು ಎದ್ದು ದಾರಿ ಬಿಟ್ಟೆ. ದೊಡ್ಡಮ್ಮ ಅತ್ತುಬಿಟ್ಟರು.

ಮುಗಿಯದ ಕೋಟಿನ ನೆಪದಲ್ಲಿ ಮರುದಿನ ನಾನೂ ಹೋದೆ. ಆಕೆ ಎಂದಿನಂತೆ ಕೆಲಸಕ್ಕೆ ಬಂದಾಗ ಮೇಲೆ ಬಡಗಿ ಮೊಳೆ ಹೊಡೆಯುತ್ತಿದ್ದ.

"ಹೊರಗಿನ ಚಿಲಕ ಕೀಳಿಸಿ ಒಳಗಡೆ ಹಾಕಿಸಿದೀನಿ ಕಣಮ್ಮಾ. ನೀನೇ ಹಾಕಿ ನೋಡು," ಎಂದರು ದೊಡ್ಡಮ್ಮ.

ಆಕೆ ಒಳಗೆ ಹೋಗಿ ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬಹಳ ಹೊತ್ತು ಹೊರಗೆ ಬರಲಿಲ್ಲ, ಯಾರೂ ಕರೆಯಲಿಲ್ಲ. ಬಂದಾಗ ಹೆಗಲ ಮೇಲೆ ಚೀಲವಿರಲಿಲ್ಲ, ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಕೂತು, ನನ್ನ ಕೋಟು ಎತ್ತಿಕೊಂಡು, ಸೂಜಿಗೆ ದಾರ ಪೋಣಿಸಿದಳು.

ಮನೆ ಬಿಟ್ಟು ಬಂದವರು ಎಂದು ಇಂಥವರನ್ನು ಲೋಕ ಸಲೀಸಾಗಿ ಕರೆಯುತ್ತದೆ. ಬಿಡುವುದಕ್ಕೆ ಅವರಿಗೆ ಮನೆಯೆಂಬುದು ಎಲ್ಲಿತ್ತು? ಗೋಡೆಯಿತ್ತು, ಸೂರಿತ್ತು; ಚಿಲಕ ಮಾತ್ರ ಇನ್ನೊಬ್ಬರ ಕೈಯಲ್ಲಿತ್ತು.