ಮುರುಗೇಶಪ್ಪನ ಕಿವಿಗೆ ಬಿದ್ದ ತಿಮಿಂಗಿಲ

ಮಧ್ಯಾಹ್ನ ಊಟ ಮುಗಿಸಿ ಪುಷ್ಪಮ್ಮ ಚಾಪೆಯ ಮೇಲೆ ಅಡ್ಡಾದಳೆಂದರೆ ಮುರುಗೇಶಪ್ಪ ಸಮುದ್ರಕ್ಕೆ ಇಳಿಯುತ್ತಿದ್ದ. ಇಳಿಯುವುದೆಂದರೆ ಮತ್ತೇನಿಲ್ಲ, ಭದ್ರಾವತಿ ನ್ಯೂ ಟೌನಿನ ತನ್ನ ಮನೆಯ ಕಿಟಕಿ ಪಕ್ಕ ಕುರ್ಚಿಗೆ ಒರಗಿ, ಮಗಳು ಕೊಟ್ಟ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚುವುದು. ಅಷ್ಟಕ್ಕೇ ಗೋಡೆಗಳು ಹಸಿರಾಗುತ್ತಿದ್ದವು. ಕ್ಯಾಲೆಂಡರು, ಗಡಿಯಾರ, ಹೆಂಡತಿ ಮಲಗಿದ ಚಾಪೆ ಸಮೇತ ಮನೆ ಮೆಲ್ಲಗೆ ನೀರಲ್ಲಿ ತೇಲುತ್ತಿತ್ತು. ಎಲ್ಲಿಂದಲೋ ತಾಯಿ ತಿಮಿಂಗಿಲ ಕೂಗುತ್ತಿತ್ತು.

ಮಗಳು ಕವನ ಕಡಲ ಜೀವಿಗಳ ಅಧ್ಯಯನ ಮಾಡುವವಳು. ಕರಾವಳಿಯ ನೀರಿನೊಳಗೆ ಮೈಕು ಇಳಿಬಿಟ್ಟು ಇಪ್ಪತ್ತು ಗಂಟೆ ಧ್ವನಿ ಹಿಡಿದು ತಂದಿದ್ದಳು. ಅಲ್ಲಿ ಒಂದು ತಾಯಿ, ಒಂದು ಮರಿ. ಆ ಜಾತಿಯವು ಇಡೀ ಅರಬ್ಬೀ ಸಮುದ್ರದಲ್ಲೇ ಬಹಳ ಕಡಿಮೆ ಉಳಿದಿವೆಯಂತೆ. ಅವು ತಂಗಿದ ಜಾಗದ ಮೇಲೇ ಹಡಗುಗಳ ದಾರಿ. ಮರಿ ದೊಡ್ಡದಾಗುವ ತನಕವಾದರೂ ಹಡಗುಗಳು ದೂರ ಸುತ್ತಿಕೊಂಡು ಹೋಗಬೇಕೋ ಬೇಡವೋ ಎಂದು ಅಧಿಕಾರಿಗಳು ಬುಧವಾರ ತೀರ್ಮಾನಿಸುವವರಿದ್ದರು. ಯಾವ ಸದ್ದು ಯಾವುದರದೆಂದು ಕಂಪ್ಯೂಟರು ಅರ್ಧ ತಪ್ಪು ಹೇಳುತ್ತಿದ್ದುದರಿಂದ ಕವನ ಅಪ್ಪನಿಗೆ ನೋಟ್‌ಬುಕ್ ಕೊಟ್ಟಿದ್ದಳು: ತಿಮಿಂಗಿಲ ಕೂಗಿದ ಹೊತ್ತು ಎಡಗಡೆ, ಹಡಗಿನ ಸದ್ದು ಬಂದ ಹೊತ್ತು ಬಲಗಡೆ.

ಮುರುಗೇಶಪ್ಪ ಶ್ರದ್ಧೆಯ ಮನುಷ್ಯ. ಎಡಗಡೆ ತುಂಬಿಸಿದ. ಬಲಗಡೆ ಖಾಲಿ ಇತ್ತು. ಸಮುದ್ರ ಎಷ್ಟು ನಿಶ್ಶಬ್ದ ಎಂದು ಅವನಿಗೆ ಸಂತೋಷವೇ ಆಗಿತ್ತು.

ಶನಿವಾರ ಪುಷ್ಪಮ್ಮ ಎದ್ದವಳೇ, "ನಿಮ್ ಮೀನು ಏನಂತದೆ, ಕೊಡಿ ಇಲ್ಲಿ," ಅಂತ ಹೆಡ್‌ಫೋನ್ ಕಿತ್ತುಕೊಂಡು ಹಾಕಿಕೊಂಡಳು. ಒಂದು ಗಳಿಗೆ ಕೇಳಿ ಮುಖ ಕಿವುಚಿದಳು.

"ಏನ್ರೀ ಇದು, ಹಿಟ್ಟಿನ ಗಿರಣಿ?"

"ಗಿರಣಿ ಎಲ್ಲಿದೆ? ತಿಮಿಂಗಿಲ ಕೂಗ್ತಿದೆ ನೋಡು."

"ಕೂಗೋದು ಎಲ್ಲಿ ಕೇಳುತ್ತೆ ಮಾರಾಯ್ರೇ? ಬರೀ ಗುರ್ರ್ ಅಂತದೆ. ತಲೆ ಚಿಟ್ಟು ಹಿಡೀತು ನಂಗೆ."

ಮುರುಗೇಶಪ್ಪ ನೋಟ್‌ಬುಕ್ಕಿನ ಖಾಲಿ ಬಲಗಡೆಯನ್ನು ನೋಡಿದ. ಉಕ್ಕಿನ ಕಾರ್ಖಾನೆಯ ರೋಲಿಂಗ್ ಮಿಲ್‌ನಲ್ಲಿ ಮೂವತ್ತಾರು ವರ್ಷ ದುಡಿದ ಕಿವಿ ಅವನದು. ಯಂತ್ರದ ಸದ್ದಿನ ನಡುವೆ ಪಕ್ಕದವನ ಪಿಸುಮಾತು ಹಿಡಿಯುತ್ತಿತ್ತು, ಸದ್ದನ್ನು ಮಾತ್ರ ಎಂದೋ ಕೇಳುವುದು ಬಿಟ್ಟಿತ್ತು. ಈ ಪುಣ್ಯಾತ್ಮನಿಗೆ ಎಂಜಿನ್ನು ಗುಡುಗುವುದೇ ನಿಶ್ಶಬ್ದ! ಅಂಥವನ ಕೈಗೆ ನೋಟ್‌ಬುಕ್ ಕೊಟ್ಟಳಲ್ಲ ಆ ಹುಡುಗಿ, ಅವಳಿಗೂ ಬುದ್ಧಿ ಬೇಡವೇ? ಆ ಖಾಲಿ ಪುಟ ಅಧಿಕಾರಿಗಳ ಮುಂದೆ ಹೋದರೆ ಹಡಗುಗಳಿಂದ ತೊಂದರೆಯೇ ಇಲ್ಲ ಎಂದಾಗುತ್ತಿತ್ತು. ಕವನಳ ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ.

ಅಂಗಿ ಗುಂಡಿಯನ್ನೂ ಸರಿಯಾಗಿ ಹಾಕದೆ ಶಿವಮೊಗ್ಗದ ಬಸ್ಸು ಹತ್ತಿದ. ರವೀಂದ್ರನಗರದ ಬಾಡಿಗೆ ರೂಮಿನಲ್ಲಿ ಕವನ ವರದಿ ಬರೆಯುತ್ತ ಕೂತಿದ್ದಳು.

"ನಾನು ಬರ್ದಿದ್ದು ತಪ್ಪು ಕಣಮ್ಮ. ನಂಗೆ ಹಡಗು ಕೇಳ್ಸೋದೇ ಇಲ್ಲ." ಅವಮಾನದಿಂದ ಅವನ ಮುಖ ಕಪ್ಪಿಟ್ಟಿತ್ತು.

ಕವನಳಿಗೆ ಸಿಟ್ಟು ಬಂದಿತ್ತು, ನುಂಗಿಕೊಂಡಳು. "ನಾಲ್ಕು ದಿನ ಇದೆ. ನಾನು ವರದಿ ಬಿಟ್ಟು ಇಪ್ಪತ್ತು ಗಂಟೆ ಕೇಳಕ್ಕಾಗಲ್ಲ ಅಪ್ಪಾ. ಮಿಲ್‌ನಲ್ಲಿ ಮಿಷನ್ ಸದ್ದು ನಿಮಗೆ ಯಾವತ್ತೂ ಕೇಳ್ತಿರ್ಲಿಲ್ವಾ?"

"ನಿಂತಾಗ ಕೇಳ್ತಿತ್ತು," ಅಂದ ಮುರುಗೇಶಪ್ಪ. ಹೇಳಿದ ಮೇಲೆ ತನಗೇ ಹೊಳೆಯಿತು. ಪಾಳಿಯಲ್ಲಿ ಎಷ್ಟೇ ಗದ್ದಲವಿರಲಿ ಕೆಲಸದವರು ಕೂತಲ್ಲೇ ತೂಕಡಿಸುತ್ತಿದ್ದರು, ಯಂತ್ರ ನಿಂತಿತೋ, ಎಲ್ಲರೂ ಧಡಕ್ಕನೆ ಏಳುತ್ತಿದ್ದರು. "ಹಡಗು ಬಂದಿದ್ದು ನಾನು ಹೇಳಲಾರೆ. ನಿಂತಿದ್ದು ಹೇಳ್ತೀನಿ. ನೀನು ಉಳಿದಿದ್ದೆಲ್ಲ ಸದ್ದು ಅಂತ ಬರ್ಕೋ."

ಅಲ್ಲೇ ಮಗಳ ಮಂಚದ ಮೇಲೆ ಕೂತು ಮತ್ತೆ ಮೊದಲಿಂದ ಶುರುಮಾಡಿದ. ಶನಿವಾರ ಕಳೆಯಿತು, ಭಾನುವಾರ ಕಳೆಯಿತು. ರೂಮು ನೀರಾಯಿತು, ರವೀಂದ್ರನಗರದ ಬೀದಿಗಳು ನೀರಾದವು, ಕಾಯಿಪಲ್ಯೆ ಗಾಡಿಯವನು ಹಸಿರು ಬೆಳಕಿನಲ್ಲಿ ತೇಲಿಹೋದ. ತಾಯಿ ಕೂಗುತ್ತಲೇ ಇತ್ತು. ಯಂತ್ರ ಮಾತ್ರ ನಿಲ್ಲಲೇ ಇಲ್ಲ. ಕಾದು ಕಾದು ಅವನಿಗೆ ಭಯವಾಗತೊಡಗಿತು.

ಸೋಮವಾರ ಮಧ್ಯಾಹ್ನ ಅವನು ಮಂಚದಿಂದ ಧಡಕ್ಕನೆ ಎದ್ದು ನಿಂತ.

"ನಿಂತ್ತು!"

ಕವನ ಹೊತ್ತು ಬರೆದುಕೊಂಡಳು. ಅವನು ಕೈ ಎತ್ತಿ ಅವಳನ್ನು ಸುಮ್ಮನಿರಿಸಿದ. ಈ ನಿಶ್ಶಬ್ದ ಅವನಿಗೆ ಹೊಸದು, ತಳವಿಲ್ಲದ ಬಾವಿಯಂಥದು. ತಾಯಿ ಒಮ್ಮೆ ಕೂಗಿತು. ಅದರ ಹಿಂದೆಯೇ ತೀರ ಸಣ್ಣ ದನಿಯೊಂದು ಬಂತು, ಪಿಸುಗುಟ್ಟಿದ ಹಾಗೆ. ತಾಯಿ ಮತ್ತೆ ಕರೆಯಿತು. ಸಣ್ಣದು ಮತ್ತೆ ಓಗೊಟ್ಟಿತು. ಇವನು ಉಸಿರು ಬಿಗಿಹಿಡಿದು ನಿಂತೇ ಕೇಳಿದ. ಆಮೇಲೆ ಸಣ್ಣ ದನಿ ಇಲ್ಲವಾಯಿತು, ತಾಯಿಯೊಂದೇ ಕೂಗತೊಡಗಿತು.

"ಈಗ ಹಡಗು ಬಂತು, ಅಲ್ವೇನಮ್ಮ?"

ಕವನ ಇನ್ನೊಂದು ಹೆಡ್‌ಫೋನ್ ಹಚ್ಚಿ ಕೇಳಿ ತಲೆಯಾಡಿಸಿದಳು. "ಹೂಂ. ಸದ್ದು ನಿಂತಿದ್ದು ಹನ್ನೊಂದು ನಿಮಿಷ."

ಉಳಿದ ಗಂಟೆಗಳನ್ನೂ ಅವನು ಕೊನೆಯ ತನಕ ಕೇಳಿದ. ಯಂತ್ರ ಮತ್ತೊಮ್ಮೆ ನಿಲ್ಲಲಿಲ್ಲ. ಮಂಗಳವಾರ ಸಂಜೆ ಹೆಡ್‌ಫೋನ್ ತೆಗೆದಿಟ್ಟಾಗ ಅವನ ಕಣ್ಣು ತುಂಬಿದ್ದವು.

"ನಾಳೆ ಅವರಿಗೆ ಹೇಳು ಕವನಾ, ಇಪ್ಪತ್ತು ಗಂಟೆಲಿ ಆ ಕೂಸಿಗೆ ಅವ್ವ ಕರೆದಿದ್ದು ಕೇಳ್ಸಿದ್ದು ಹನ್ನೊಂದೇ ನಿಮಿಷ ಅಂತ."