ಗುಂಡಿ ಡಬ್ಬೀಲಿ ಸಿಕ್ಕಿದ್ದು

ನನ್ನ ಸೊಸೆ ಹೊಲಿಗೆಯವಳು. ಮೂರು ಬೀದಿಗೆ ಕೇಳೋ ಹಾಗೆ ಮೆಷಿನ್ ಓಡಿಸ್ತಿದ್ದೋಳು, ಹೊಟ್ಟೇಲಿದ್ದ ಕೂಸು ಹೋದ ಮೇಲೆ ಪೆಡಲ್ ಮೇಲೆ ಕಾಲಿಟ್ಟು ಸುಮ್ನೆ ಕೂತ್ಲು. ಕೂತ್ಲು ಅಂದ್ರೆ, ತಲೆ ಮೇಲೆ ಹಕ್ಕಿ ಗೂಡು ಕಟ್ಟಿ ಮೊಟ್ಟೆ ಇಟ್ರೂ ಏಳ್ತಿರ್ಲಿಲ್ಲ. ಊಟ ಬೇಡ, ನಿದ್ದೆ ಇಲ್ಲ. ಮಗ ಹೆದರ್ಕೊಂಡು ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋದ.

ಅಲ್ಲಿ ಇಬ್ರು. ಒಬ್ರು ಮಾತ್ರೆ ಡಾಕ್ಟ್ರು, ತಲೆ ಎತ್ತದೇ ಚೀಟಿ ಬರೀತಾರೆ. ಇನ್ನೊಬ್ಳು ಮಾತಿನ ಮೇಡಂ. ಸೂಜಿ ಇಲ್ಲ, ಔಷಧಿ ಇಲ್ಲ, ಬಾಗ್ಲು ಹಾಕ್ಕೊಂಡು ಒಂದು ಗಂಟೆ ಬರೀ ಮಾತು.

ಮಾತ್ರೆ ಮೇಲೆ ನಂಗೆ ಅನುಮಾನ. ಅಷ್ಟು ಚಿಕ್ಕದು, ಹೊಟ್ಟೆಗಿಳಿದು ಮನಸ್ಸಿನ ದಾರಿ ಯಾರನ್ನ ಕೇಳುತ್ತೆ? ಆದ್ರೂ ತಿಂಗಳಲ್ಲಿ ಅವಳು ನಾಲ್ಕು ತುತ್ತು ತಿಂದು ಮಲಗೋ ಹಾಗಾದ್ಲು, ಮೆಷಿನ್ನೂ ಮತ್ತೆ ಸದ್ದು ಮಾಡ್ತು. ಮಾತಿನ ಮೇಲೆ ಬೆಟ್ಟದಷ್ಟು ಅನುಮಾನ. ಅತ್ತೆ ಬಿಟ್ರೆ ಸೊಸೆಗೆ ಆಡೋಕೆ ಬೇರೆ ವಿಷಯ ಇರುತ್ತಾ? ಹೊರಗೆ ಬೆಂಚಲ್ಲಿ ಕೂತು ಕಿವೀನ ಮೊರದಗಲ ಮಾಡ್ಕೊಂಡೆ. ಒಂದಕ್ಷರ ಕೇಳಿಸ್ಲಿಲ್ಲ.

"ಒಳಗೆ ನನ್ನ ವಿಷಯ ಬಂತೇನೇ?"

"ಇಲ್ಲ ಅತ್ತೆ."

ಅಷ್ಟು ಬೇಗ ಇಲ್ಲ ಅಂದ್ಲು ಅಂದ್ರೆ, ಬಂದಿದೆ.

ಮೇಡಂ ಹತ್ರ ನಾಲ್ಕನೇ ಸಲ ಹೋಗ್ಬಂದ್ಲು ನೋಡಿ, ಹತ್ತು ದಿನದಲ್ಲಿ ಮತ್ತೆ ಮೆಷಿನ್ ನಿಂತೋಯ್ತು. ಮಾತ್ರೆ ಪಟ್ಟಿ ನೋಡಿದ್ರೆ ದಿನಾ ಖಾಲಿ ಆಗ್ತಿದೆ. ಹಾಗಿದ್ರೆ ಆ ಮೇಡಮ್ಮೇ ಏನೋ ತಲೆಗೆ ತುಂಬಿದಾಳೆ!

ಮೊನ್ನೆ ಮಧ್ಯಾಹ್ನ ಮಗನ ಅಂಗಿಗೆ ಗುಂಡಿ ಹಾಕೋಣ ಅಂತ ಅವಳ ಡಬ್ಬಿ ತೆಗೆದೆ. ಬಿಳೀದೊಂದು ಸಿಕ್ತು. ಚುಚ್ತೀನಿ, ತೂತೇ ಇಲ್ಲ. ಕಣ್ಣೂ ಕೈಕೊಡ್ತಪ್ಪಾ ಅಂತ ಜೋರಾಗಿ ಚುಚ್ಚಿದ್ರೆ ಪುಡಿಪುಡಿ! ನಾಲಿಗೆಗೆ ಇಟ್ರೆ ಕಹಿ. ಡಬ್ಬೀಲಿ ಅಂಥವು ಇನ್ನೂ ಒಂದು ಹಿಡಿ.

"ಏನೇ ಇದು, ಅಂಗಿಗೂ ಹುಷಾರಿಲ್ವಾ?"

ಅವಳು ಗೋಡೆ ನೋಡ್ತಾ ಅಂದ್ಲು, "ಮೇಡಂ ಹೇಳಿದ್ರು. ಇಷ್ಟು ದಿನ ನುಂಗಿದ್ದು ಸಾಕು ಅಂತ."

ಸಿಕ್ಬಿದ್ಲು ಆ ಮೇಡಂ ಕಳ್ಳಿ! ಸೊಸೆ ಕೈ ಹಿಡ್ಕೊಂಡು ಆಸ್ಪತ್ರೆಗೆ ಹಾರಿದೆ, ಬಾಗ್ಲು ತಳ್ಕೊಂಡು ನುಗ್ಗಿದೆ. "ಮಾತ್ರೆ ಬಿಡಿಸೋಕೆ ನೀನ್ಯಾರಮ್ಮ?"

ಮೇಡಂ ಮುಖ ಬಿಳಿಚ್ಕೊಂಡ್ತು. "ಅಯ್ಯೋ ಅಜ್ಜಿ, ಮನಸ್ಸಲ್ಲಿರೋ ಮಾತು ನುಂಗಿದ್ದು ಸಾಕು ಅಂದೆ! ಮಾತ್ರೆ ಅಲ್ಲ. ಬಿಡಿಸಿ ಹೇಳ್ಬೇಕಿತ್ತು, ತಪ್ಪು ನಂದೇ."

ಆಗ್ಲೇ ಮಾತ್ರೆ ಡಾಕ್ಟ್ರ ಹತ್ರ ಕರ್ಕೊಂಡ್ಹೋದ್ಲು. ಆ ಪುಣ್ಯಾತ್ಮ ಅವತ್ತು ತಲೆ ಎತ್ತಿದ! ಮತ್ತೆ ಹೇಗೆ ಶುರು ಮಾಡ್ಬೇಕು ಅಂತ ಬರ್ದುಕೊಟ್ಟ.

ನಾನು ಬಿಡ್ತೀನಾ? ಹೊರಗೆ ಬರ್ತಾ ಕೇಳಿದೆ, "ಅದ್ಯಾವ ಮಾತೇ ತಾಯಿ, ನೀನು ನುಂಗಿದ್ದು?"

ಬೆಂಚಲ್ಲಿ ಕೂತ್ಲು. ಸೆರಗು ಸುತ್ತಿದ್ಲು, ಬಿಚ್ಚಿದ್ಲು. "ಕೂಸು ಹೋದ ದಿನ ನೀವಂದ್ರಿ ಅತ್ತೆ, ಹೊಲಿಗೆ ಬಿಟ್ಕೊಂಡ್ತು, ಇನ್ನೊಂದು ಹೊಲಿಯೇ ಅಂತ. ನಕ್ಕೊಂಡು ಅಂದ್ರಿ."

ಅವಳನ್ನ ನಗಿಸೋಣ ಅಂತ ಅಂದಿದ್ದೆ. ಹಾಗಂತ ಹೇಳೋಕೆ ಬಾಯಿ ತೆಗೆದೆ. ನೂರೂರಿಗೆ ಸಾಲೋ ಆ ಬಾಯಿ ಮುಚ್ಕೊಂಡು, ಅವಳ ಕೈಯಿಂದ ಮಾತ್ರೆ ಚೀಟಿ ಇಸ್ಕೊಂಡೆ.

ಈಗ ದಿನಾ ಊಟ ಆದ್ಮೇಲೆ ನಾನೇ ಮಾತ್ರೆ ಕೊಟ್ಟು, "ಬಾಯಿ ತೆಗಿ, ನಾಲಿಗೆ ಎತ್ತು" ಅಂತ ನೋಡ್ತೀನಿ. ನಂಬಿಕೆ ಇಲ್ಲ ನಂಗೆ. ನಿನ್ನೆ ಮತ್ತೆ ಮೇಡಂ ಹತ್ರ ಹೋಗಿದ್ಲು. ನಾನು ಬೆಂಚಿನ ಆ ಕೊನೇಲಿ ಹೋಗಿ ಕೂತೆ, ಬಾಗ್ಲಿಂದ ದೂರ. ಎಲ್ಲಿ ಕೇಳಿಸ್ಬಿಡುತ್ತೋ ಅಂತ.